ಗೆಳೆಯನ ಮೇಲೆ ಬಂದೂಕು ಎತ್ತದ ಕವಿ

ಸಿವಿಲ್ ಎಂಜಿನಿಯರಿಂಗ್ ಓದುವವರಿಗೆ ಇರಿಗೇಷನ್ ಎಂಬ ಒಂದು ವಿಷಯ ಇರುತ್ತದೆ. ಅಣೆಕಟ್ಟು, ಬ್ಯಾರೇಜು, ಕಾಲುವೆ, ತೂಬು ಇವುಗಳ ಲೆಕ್ಕ. ಕಳೆದ ಸೆಮಿಸ್ಟರಿನ ಇಂಟರ್ನಲ್ಸ್‌ಗೆ ಓದುವಾಗ ನಾನು ಒಂದು ಹೆಸರನ್ನು ಬಾಯಿಪಾಠ ಮಾಡಿದ್ದೆ. ಸಕ್ಕರ್ ಬ್ಯಾರೇಜ್. ಸಿಂಧೂ ನದಿಗೆ ಅಡ್ಡಲಾಗಿ ಕಟ್ಟಿದ್ದು. 66 ಗೇಟು, 7 ಕಾಲುವೆ, 1932ರಲ್ಲಿ ಉದ್ಘಾಟನೆ. ಪರೀಕ್ಷೆಗೆ ಇಷ್ಟು ಸಾಕು. ಬರೆದು ಬಂದೆ, ಮರೆತೂ ಬಿಟ್ಟೆ.

ಆಮೇಲೆ ಒಂದು ದಿನ ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಗೆ ಹೋಗಿದ್ದೆ. ಗಲ್ಲೆಯ ಮೇಲೆ ಕೂತಿದ್ದ ಅಜ್ಜ ಏನು ಓದ್ತಿದ್ದೀ ತಮ್ಮಾ ಎಂದು ವಿಚಾರಿಸಿದರು. ಅಣೆಕಟ್ಟು, ಬ್ಯಾರೇಜು ಕಟ್ಟೋದು ಓದ್ತೀನಿ ಅಂದೆ. ಅವರ ಮುಖ ಅರಳಿತು. ತಮ್ಮ ತಂದೆ ಸಕ್ಕರ್ ಬ್ಯಾರೇಜಿನ ಹತ್ತಿರದ ಊರಿನವರು, 1948ರಲ್ಲಿ ಕೈಯಲ್ಲಿ ಒಂದು ಟ್ರಂಕು ಹಿಡಿದು ಈ ಕಡೆ ಬಂದವರು ಎಂದರು. ಹಾಗೆ ಮಾತಾಡುತ್ತ ಒಬ್ಬ ಕವಿಯ ಹೆಸರು ಹೇಳಿದರು. ಶೇಖ್ ಅಯಾಜ್. ಆ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮುಸ್ಲಿಂ ಕವಿಯೊಬ್ಬನ ಹೆಸರು ಹೇಳುವಾಗ, ದೇಶ ವಿಭಜನೆಯಲ್ಲಿ ಊರು ಕಳೆದುಕೊಂಡ ಹಿಂದೂ ಮನೆತನದ ಆ ಅಜ್ಜನ ಕಣ್ಣು ಯಾಕೆ ಒದ್ದೆಯಾಯಿತು? ಅದನ್ನು ತಿಳಿಯಲೆಂದೇ ಲೈಬ್ರರಿಯಲ್ಲಿ ಹುಡುಕಿ ಓದಲು ಶುರುಮಾಡಿದೆ. ಓದಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಅದೂ ನಮ್ಮ ಪ್ರೆಸಿಡೆನ್ಸಿಯೇ

ಸಿಂಧ್ ಎಂದರೆ ಇವತ್ತು ಪಾಕಿಸ್ತಾನದ ಒಂದು ಪ್ರಾಂತ್ಯ. ಗಡಿಯಾಚೆಯ ಯಾವುದೋ ಊರು ಎಂದು ನಾವು ಸುಮ್ಮನಾಗುತ್ತೇವೆ. ಆದರೆ 1936ರವರೆಗೆ ಸಿಂಧ್ ಕೂಡ ಮುಂಬೈ ಪ್ರೆಸಿಡೆನ್ಸಿಯ ಭಾಗವಾಗಿತ್ತು. ಅಂದರೆ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದವರಿಗೂ ಕರಾಚಿ, ಸಕ್ಕರ್, ಶಿಕಾರ್‌ಪುರದವರಿಗೂ ಒಬ್ಬನೇ ಗವರ್ನರ್. ನಮ್ಮ ಎಂಜಿನಿಯರುಗಳ ದೇವರು ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬೈ ಸರ್ಕಾರದ ಎಂಜಿನಿಯರ್ ಆಗಿದ್ದಾಗ 1890ರ ದಶಕದಲ್ಲಿ ಇದೇ ಸಕ್ಕರ್‌ಗೆ ಹೋಗಿ, ಊರಿಗೆ ಕುಡಿಯುವ ನೀರಿನ ಯೋಜನೆ ಮಾಡಿಕೊಟ್ಟಿದ್ದರು. ಕೆಸರು ಕೆಸರಾಗಿ ಹರಿಯುವ ಸಿಂಧೂ ನದಿಯ ನೀರನ್ನು ಜನ ಕುಡಿಯುವಂತೆ ಮಾಡಿದ್ದು ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ಹುಡುಗ. ಇದನ್ನು ಓದಿದ ಮೇಲೆ ಸಕ್ಕರ್ ನನಗೆ ದೂರದ ಊರು ಅನ್ನಿಸಲಿಲ್ಲ.

ಸಕ್ಕರ್‌ನಿಂದ ನಲವತ್ತು ಕಿಲೋಮೀಟರ್ ಒಳಗೇ ಶಿಕಾರ್‌ಪುರ ಇದೆ. ನಮ್ಮ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಅಲ್ಲ, ಸಿಂಧ್‌ನ ಶಿಕಾರ್‌ಪುರ. ಒಂದು ಕಾಲಕ್ಕೆ ಅಲ್ಲಿಯ ವ್ಯಾಪಾರಿಗಳು ಬರೆದುಕೊಟ್ಟ ಹುಂಡಿಗೆ ಮಧ್ಯ ಏಷ್ಯಾದ ಪೇಟೆಗಳಲ್ಲೂ ಹಣ ಸಿಗುತ್ತಿತ್ತು. ಬಿಸಿಲಿನ ಝಳ ತಾಗದಂತೆ ಉದ್ದಕ್ಕೂ ಮಾಡು ಹೊದಿಸಿದ ಪೇಟೆ ಬೀದಿ ಆ ಊರಿನ ಹೆಮ್ಮೆ. ಅಲ್ಲಿ 1923ರ ಮಾರ್ಚ್‌ನಲ್ಲಿ ಒಂದು ಮಗು ಹುಟ್ಟಿತು. ಮನೆಯವರು ಇಟ್ಟ ಹೆಸರು ಮುಬಾರಕ್ ಅಲಿ. ಮುಂದೆ ಶೇಖ್ ಅಯಾಜ್ ಎಂದು ಪ್ರಸಿದ್ಧರಾದವರು ಇವರೇ. ಕಾಕತಾಳೀಯ ನೋಡಿ, ಸಕ್ಕರ್ ಬ್ಯಾರೇಜಿನ ಕೆಲಸ ಶುರುವಾದದ್ದೂ ಅದೇ 1923ರಲ್ಲಿ. ಹುಡುಗನಿಗೆ ಒಂಬತ್ತು ವರ್ಷ ಆಗುವ ಹೊತ್ತಿಗೆ ಬ್ಯಾರೇಜ್ ಎದ್ದು ನಿಂತಿತ್ತು. ಮರಳುಗಾಡಿನಂಥ ನೆಲಕ್ಕೆ ನೀರು ಹರಿಯತೊಡಗಿತ್ತು.

ಇಪ್ಪತ್ತರ ವಯಸ್ಸಿನ ಇಬ್ಬರು

ಅಯಾಜ್ ಬೆಳೆದ ಶಿಕಾರ್‌ಪುರದಲ್ಲಿ ಹಿಂದೂಗಳು, ಮುಸ್ಲಿಮರು ಒಟ್ಟಿಗೇ ಬಾಳುತ್ತಿದ್ದರು. ಸೂಫಿ ಸಂತರ ಪದಗಳನ್ನು ಇಬ್ಬರೂ ಹಾಡುತ್ತಿದ್ದರು. ನಮ್ಮಲ್ಲಿ ಶಿಶುನಾಳ ಶರೀಫಜ್ಜನ ಪದಗಳನ್ನು ಜಾತಿ ಧರ್ಮ ನೋಡದೆ ಭಜನೆ ಮೇಳದವರು ಹಾಡುವುದಿಲ್ಲವೇ, ಹಾಗೆ. ಹುಡುಗ ಮುಬಾರಕನ ಕೈ ಹಿಡಿದು ಕಾವ್ಯ ಕಲಿಸಿದ ಗುರು ಖಿಯಾಲ್‌ದಾಸ್ ಫಾನಿ ಒಬ್ಬ ಹಿಂದೂ ಕವಿ. ಛಂದಸ್ಸು, ಪದಗಳ ತೂಕ, ಹಳೆಯ ಕವಿಗಳ ಓದು ಎಲ್ಲ ಸಿಕ್ಕಿದ್ದು ಅವರಿಂದ.

ಕಾಲೇಜು ಓದಿಗೆ ಅಯಾಜ್ ಕರಾಚಿಗೆ ಹೋದರು. ಅದು ಕ್ವಿಟ್ ಇಂಡಿಯಾ ಚಳವಳಿಯ ಕಾಲ. 1923ರಲ್ಲೇ ಹುಟ್ಟಿದ ಸಕ್ಕರ್‌ನ ಇನ್ನೊಬ್ಬ ಹುಡುಗ ಹೇಮು ಕಾಲಾಣಿ. ಚಳವಳಿಯನ್ನು ಹತ್ತಿಕ್ಕಲು ಬರುತ್ತಿದ್ದ ಬ್ರಿಟಿಷರ ರೈಲನ್ನು ತಡೆಯಲು ಗೆಳೆಯರ ಜೊತೆ ಹಳಿಗಳ ಫಿಶ್ ಪ್ಲೇಟ್ ಬಿಚ್ಚಲು ಹೋಗಿ ಸಿಕ್ಕಿಬಿದ್ದ. ಜೊತೆಗಾರರ ಹೆಸರು ಹೇಳಲಿಲ್ಲ. 1943ರ ಜನವರಿ 21ರಂದು ಸಕ್ಕರ್ ಜೈಲಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಆಗ ಅವನಿಗೆ ಇಪ್ಪತ್ತು ಕೂಡ ತುಂಬಿರಲಿಲ್ಲ. ಅಯಾಜ್‌ಗೂ ಅಷ್ಟೇ ವಯಸ್ಸು. ಈಗ ನನಗಾಗಿರುವುದೂ ಇಪ್ಪತ್ತೇ. ನಮಗೆ ಬ್ಯಾಕ್‌ಲಾಗ್ ಉಳಿದರೆ ಪ್ರಪಂಚ ಮುಳುಗಿದಂತೆ ಆಗುತ್ತದೆ. ಅವರ ಇಪ್ಪತ್ತು ಹೇಗಿತ್ತು ನೋಡಿ.

ಅಯಾಜ್ ಕಾನೂನು ಓದಿ ವಕೀಲರಾದರು. ಆರಂಭದಲ್ಲಿ ಸಣ್ಣ ಕಥೆಗಳನ್ನೂ ಬರೆದರು. ಪ್ರಗತಿಪರ ಲೇಖಕರ ಗುಂಪಿನಲ್ಲಿ ಓಡಾಡಿದರು. ಆ ಗುಂಪಿನಲ್ಲಿ ಹಿಂದೂ, ಮುಸ್ಲಿಂ ಇಬ್ಬರೂ ಇದ್ದರು. ಅವರಲ್ಲಿ ಒಬ್ಬ ನಾರಾಯಣ ಶ್ಯಾಮ್. ಅಯಾಜ್‌ಗಿಂತ ವಯಸ್ಸಿನಲ್ಲಿ ಸ್ವಲ್ಪವೇ ದೊಡ್ಡವರು, ಬಹಳ ಮೃದು ದನಿಯ ಕವಿ. ಇಬ್ಬರೂ ಸೇರಿ ಸಿಂಧಿ ಕವಿತೆಯನ್ನು ಹೊಸದು ಮಾಡಬೇಕು ಎಂದು ಹೊರಟವರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಈ ಕಥೆಯಲ್ಲಿ ಅವರು ಮತ್ತೆ ಬರುತ್ತಾರೆ.

ಒಂದು ಊರು ಖಾಲಿಯಾದಾಗ

1947ರಲ್ಲಿ ದೇಶ ಎರಡಾಯಿತು. ಪಂಜಾಬ್ ಮತ್ತು ಬಂಗಾಳವನ್ನು ಸೀಳಿ ಎರಡು ಭಾಗ ಮಾಡಿದರು. ಸಿಂಧ್ ಮಾತ್ರ ಇಡಿಯಾಗಿ ಪಾಕಿಸ್ತಾನಕ್ಕೆ ಹೋಯಿತು. ಹಾಗಾಗಿ ಸಿಂಧಿ ಹಿಂದೂಗಳಿಗೆ ಭಾರತದಲ್ಲಿ ತಮ್ಮದು ಎನ್ನುವ ಒಂದು ಅರ್ಧ ಪ್ರಾಂತ್ಯವೂ ಉಳಿಯಲಿಲ್ಲ. ಮೊದಲ ಕೆಲವು ತಿಂಗಳು ಸಿಂಧ್ ತಕ್ಕಮಟ್ಟಿಗೆ ಶಾಂತವಾಗಿತ್ತು. 1948ರ ಜನವರಿಯಲ್ಲಿ ಕರಾಚಿಯಲ್ಲಿ ಗಲಭೆಯಾದ ಮೇಲೆ ಜನ ಹಡಗು, ರೈಲು ಹತ್ತತೊಡಗಿದರು. ಶಿಕಾರ್‌ಪುರದ ಪೇಟೆಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಗುರು ಫಾನಿ ಹೋದರು. ಗೆಳೆಯ ಶ್ಯಾಮ್ ದೆಹಲಿಗೆ ಹೋಗಿ ಅಂಚೆ ತಂತಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಸಿಂಧಿ ಪತ್ರಿಕೆ, ಪ್ರಕಾಶನ, ಶಾಲೆಗಳನ್ನು ನಡೆಸುತ್ತಿದ್ದವರಲ್ಲಿ ಬಹಳ ಮಂದಿ ಹಿಂದೂಗಳು. ಅವರು ಹೋದ ಮೇಲೆ ಭಾಷೆಯ ಅರ್ಧ ಮನೆಯೇ ಖಾಲಿಯಾಯಿತು.

ಅಯಾಜ್ ಅಲ್ಲೇ ಉಳಿದರು. ಆದರೆ ಉಳಿದವರ ಕಷ್ಟ ಬೇರೆ ರೀತಿಯದು. ಪಾಕಿಸ್ತಾನಕ್ಕೆ ಉರ್ದು ಒಂದೇ ರಾಷ್ಟ್ರಭಾಷೆ ಎಂಬ ಹಟ ಬಲವಾಗುತ್ತಿತ್ತು. ಕರಾಚಿಯನ್ನು 1948ರಲ್ಲೇ ಸಿಂಧ್‌ನಿಂದ ಬೇರ್ಪಡಿಸಿ ಕೇಂದ್ರದ ರಾಜಧಾನಿ ಮಾಡಿದ್ದರು. ಭಾರತದಿಂದ ಹೋದ ಲಕ್ಷಾಂತರ ಉರ್ದು ಮಾತಿನ ಜನ ಅಲ್ಲಿ ನೆಲೆಸಿದರು. ತಮ್ಮ ದೊಡ್ಡ ಪಟ್ಟಣದಲ್ಲೇ ಸಿಂಧಿಗಳು ಅಲ್ಪಸಂಖ್ಯಾತರಾದರು. ಅಯಾಜ್‌ಗೆ ಉರ್ದು ಚೆನ್ನಾಗಿ ಬರುತ್ತಿತ್ತು. ಅವರು ಉರ್ದುವಿನಲ್ಲೂ ಕವಿತೆ ಬರೆದರು, 1954ರಲ್ಲಿ ಒಂದು ಉರ್ದು ಸಂಕಲನವನ್ನೂ ತಂದರು. ಅದನ್ನೇ ಮುಂದುವರಿಸಿದ್ದರೆ ಲಾಹೋರ್, ಕರಾಚಿ, ದೆಹಲಿ, ಲಕ್ನೋ ಎಲ್ಲ ಕಡೆ ಓದುಗರು ಸಿಗುತ್ತಿದ್ದರು. ದೊಡ್ಡ ಮುಶಾಯಿರಾಗಳ ವೇದಿಕೆ ಸಿಗುತ್ತಿತ್ತು. ಅವರು ಆ ದಾರಿ ಬಿಟ್ಟು ಸಿಂಧಿಗೆ ಮರಳಿದರು. ವಕೀಲಿ ಮಾಡಲು ಸಕ್ಕರ್‌ಗೇ ಬಂದು ನೆಲೆಸಿದರು. ಹಗಲು ಕೋರ್ಟು, ರಾತ್ರಿ ಕವಿತೆ.

ನಕಾಶೆಯಿಂದ ಅಳಿಸಿದ ಹೆಸರು

ಇಲ್ಲಿ ಒಂದು ವಿಷಯ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದಾದವು. ಪ್ರತಿವರ್ಷ ನಾವು ಆ ದಿನ ಬಾವುಟ ಹಾರಿಸುತ್ತೇವೆ. ಅದಕ್ಕೆ ಸುಮಾರು ಒಂದು ವರ್ಷ ಮೊದಲು, 1955ರ ಅಕ್ಟೋಬರ್ 14ರಂದು, ಸಿಂಧ್ ಎಂಬ ಪ್ರಾಂತ್ಯವೇ ಇಲ್ಲವಾಯಿತು. ಪಶ್ಚಿಮ ಪಾಕಿಸ್ತಾನದ ಪಂಜಾಬ್, ಸಿಂಧ್, ಬಲೂಚಿಸ್ತಾನ, ಗಡಿನಾಡು ಪ್ರಾಂತ್ಯ ಎಲ್ಲವನ್ನೂ ಕಲಸಿ ಒಂದೇ ಪ್ರಾಂತ್ಯ ಮಾಡಿದರು. ಅದಕ್ಕೆ ಒನ್ ಯೂನಿಟ್ ಎಂದು ಹೆಸರು. ರಾಜಧಾನಿ ಲಾಹೋರ್. ಜನಸಂಖ್ಯೆಯಲ್ಲಿ ಹೆಚ್ಚಿದ್ದ ಪೂರ್ವ ಬಂಗಾಳಕ್ಕೆ ಸರಿಸಮ ನಿಲ್ಲಲು ಪಶ್ಚಿಮದವರು ಹೂಡಿದ ಆಟ ಅದು. ಒಂದೇ ಹೊತ್ತಿನಲ್ಲಿ ಗಡಿಯ ಈಚೆ ಭಾಷೆಯ ಆಧಾರದ ಮೇಲೆ ರಾಜ್ಯಗಳು ಹುಟ್ಟಿದವು, ಗಡಿಯಾಚೆ ಭಾಷೆಗಳ ಪ್ರಾಂತ್ಯಗಳನ್ನು ಅಳಿಸಿದರು.

ಇದು ನಕಾಶೆಯ ಮೇಲಿನ ಗೆರೆಯ ವಿಷಯ ಮಾತ್ರ ಆಗಿರಲಿಲ್ಲ. ಸಿಂಧಿ ಮಾಧ್ಯಮದ ಶಾಲೆಗಳಿಗೆ ಕುತ್ತು ಬಂತು. 1950ರ ದಶಕದ ಕೊನೆಗೆ ಕರಾಚಿ ವಿಶ್ವವಿದ್ಯಾಲಯ ಸಿಂಧಿಯಲ್ಲಿ ಪರೀಕ್ಷೆ ಬರೆಯುವುದನ್ನು ನಿಲ್ಲಿಸಿತು. 1958ರಲ್ಲಿ ಜನರಲ್ ಅಯೂಬ್ ಖಾನ್ ಅಧಿಕಾರ ಹಿಡಿದ ಮೇಲೆ ಹಿಡಿತ ಇನ್ನೂ ಬಿಗಿಯಾಯಿತು.

ಇನ್ನು ನಮ್ಮ ಇರಿಗೇಷನ್ ವಿಷಯಕ್ಕೆ ಬರೋಣ. ಸಕ್ಕರ್ ಆದ ಮೇಲೆ ಸಿಂಧ್‌ನಲ್ಲಿ ಇನ್ನೆರಡು ದೊಡ್ಡ ಬ್ಯಾರೇಜುಗಳು ಬಂದವು. 1955ರಲ್ಲಿ ಕೋಟ್ರಿ, 1962ರಲ್ಲಿ ಗುಡ್ಡು. ನೀರು ಬಂತು, ಬರಡು ನೆಲ ಬಂಗಾರವಾಯಿತು. ಆದರೆ ಹೊಸದಾಗಿ ನೀರಾವರಿಯಾದ ಜಮೀನಿನಲ್ಲಿ ದೊಡ್ಡ ಪಾಲು ಸೇನೆಯ ಮತ್ತು ಸರ್ಕಾರದ ಅಧಿಕಾರಿಗಳಿಗೆ, ಹೊರಗಿನಿಂದ ಬಂದವರಿಗೆ ಮಂಜೂರಾಯಿತು. ತಲೆತಲಾಂತರದಿಂದ ನದಿಯ ದಂಡೆಯಲ್ಲಿ ಪಾಲಿಗೆ ಬೇಸಾಯ ಮಾಡುತ್ತಿದ್ದ ಸಿಂಧಿ ಹಾರಿಗಳು, ಅಂದರೆ ಗೇಣಿ ರೈತರು, ಗೇಣಿದಾರರಾಗಿಯೇ ಉಳಿದರು. ಎಷ್ಟು ಗೇಟು, ಎಷ್ಟು ಕ್ಯುಸೆಕ್ ಎಂದು ನಮ್ಮ ಪಠ್ಯಪುಸ್ತಕ ಹೇಳುತ್ತದೆ. ನೀರು ಯಾರ ಹೊಲಕ್ಕೆ ಹೋಯಿತು ಎಂದು ಹೇಳುವುದಿಲ್ಲ. ಅದನ್ನು ಹೇಳಿದ್ದು ಕವಿಗಳು.

ಹಳೆಯ ಮಡಕೆಯಲ್ಲಿ ಹೊಸ ಬೆಂಕಿ

ಅಯಾಜ್ ಈ ಎಲ್ಲವನ್ನೂ ಬರೆದರು. ಆದರೆ ಘೋಷಣೆಯ ಹಾಗೆ ಬರೆಯಲಿಲ್ಲ. ಅವರ ಮೊದಲಿನ ಸಿಂಧಿ ಕವಿತೆಯಲ್ಲಿ ಫಾರಸಿಯ ಪ್ರಭಾವ ಜಾಸ್ತಿ ಇತ್ತು. ಗುಲಾಬಿ, ಕೋಗಿಲೆ, ಮದ್ಯದ ಬಟ್ಟಲು ಎಲ್ಲ ಇರಾನಿನಿಂದ ಬಂದವು. ಅಯಾಜ್ ಅವನ್ನು ಪಕ್ಕಕ್ಕಿಟ್ಟು, ಸಿಂಧ್‌ನ ಮಹಾಕವಿ ಶಾಹ್ ಅಬ್ದುಲ್ ಲತೀಫ್ ಭಿಟ್ಟಾಯಿಯ ಕಡೆ ತಿರುಗಿದರು. 18ನೇ ಶತಮಾನದ ಆ ಸೂಫಿ ಸಂತ ಸಿಂಧಿಗಳಿಗೆ ಎಲ್ಲವೂ. ನಮಗೆ ಬಸವಣ್ಣನ ವಚನ, ದಾಸರ ಪದ ಹೇಗೋ ಅವರಿಗೆ ಶಾಹ್ ಲತೀಫರ ಪದ್ಯಗಳು ಹಾಗೆ. ಅವರು ಬಳಸಿದ ಬೈತ್, ವಾಯಿ ಎಂಬ ಹಳೆಯ ಪ್ರಕಾರಗಳನ್ನು ಜನ ಇನ್ನೂ ದರ್ಗಾದಲ್ಲಿ ಹಾಡುತ್ತಿದ್ದರು. ಆದರೆ ಹೊಸ ಕವಿಗಳು ಅವನ್ನು ಹೆಚ್ಚಾಗಿ ಮುಟ್ಟುತ್ತಿರಲಿಲ್ಲ. ಅಯಾಜ್ ಆ ಹಳೆಯ ಮಟ್ಟುಗಳಲ್ಲಿ ತಮ್ಮ ಕಾಲದ ನೋವು, ಸಿಟ್ಟು ತುಂಬಿದರು.

ಒಂದು ಉದಾಹರಣೆ ಕೊಡುತ್ತೇನೆ. ಶಾಹ್ ಲತೀಫರ ಕಾವ್ಯದಲ್ಲಿ ಮಾರುಯಿ ಎಂಬ ಹಳ್ಳಿ ಹುಡುಗಿಯ ಕಥೆ ಇದೆ. ಉಮರ್ ಎಂಬ ದೊರೆ ಅವಳನ್ನು ಹೊತ್ತೊಯ್ದು ಕೋಟೆಯಲ್ಲಿ ಕೂಡಿಹಾಕುತ್ತಾನೆ. ರೇಷ್ಮೆ, ಒಡವೆ, ರಾಣಿಯ ಪಟ್ಟ ಎಲ್ಲ ಕೊಡುತ್ತೇನೆ ಎನ್ನುತ್ತಾನೆ. ಅವಳು ತನ್ನ ಮರಳುಗಾಡಿನ ಹಳ್ಳಿ, ತನ್ನ ಜನರ ಒರಟು ಕಂಬಳಿಯೇ ಸಾಕು ಎಂದು ಹಟ ಹಿಡಿಯುತ್ತಾಳೆ. ಈ ಕಥೆ ಪ್ರತಿ ಸಿಂಧಿ ಅಜ್ಜಿಗೂ ಗೊತ್ತು. ಅಯಾಜ್ ತಮ್ಮ ಕವಿತೆಯಲ್ಲಿ ಮಾರುಯಿಯನ್ನು ಕರೆತಂದರೆ, ಆ ಕೋಟೆ ಯಾವುದು, ಆ ದೊರೆ ಯಾರು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಕ್ಷರ ಬಾರದ ರೈತನಿಗೂ ಅರ್ಥವಾಗುತ್ತಿತ್ತು. ಅದಕ್ಕೇ ಸರ್ಕಾರ ಅವರ ಕವಿತೆಗೆ ಅಷ್ಟು ಹೆದರಿದ್ದು.

1960ರ ದಶಕದ ಆರಂಭದಲ್ಲಿ ಬಂದ ಅವರ ಪುಸ್ತಕಗಳ ಮೇಲೆ ಸರ್ಕಾರ ನಿಷೇಧ ಹೇರಿತು. ಧರ್ಮದ ಹೆಸರಿನ ಪತ್ರಿಕೆಗಳು ಅವರನ್ನು ಧರ್ಮದ್ರೋಹಿ, ದೇಶದ್ರೋಹಿ, ಭಾರತದ ಏಜೆಂಟ್ ಎಂದು ಕರೆದವು. ವಿಚಿತ್ರ ಏನೆಂದರೆ, ಪುಸ್ತಕಗಳ ಮೇಲೆ ನಿಷೇಧ ಬೀಳುತ್ತಿದ್ದ ಅದೇ ಹೊತ್ತಿನಲ್ಲಿ, 1963ರಲ್ಲಿ, ಶಾಹ್ ಲತೀಫರ ಇಡೀ ಕಾವ್ಯವನ್ನು ಅವರು ಉರ್ದು ಪದ್ಯಕ್ಕೆ ಅನುವಾದಿಸಿ ಪ್ರಕಟಿಸಿದರು. ಉರ್ದುವಿನ ದಬ್ಬಾಳಿಕೆಯ ವಿರುದ್ಧ ನಿಂತವರು ಉರ್ದು ಓದುಗರಿಗೆ ತಮ್ಮ ಭಾಷೆಯ ಅತ್ಯುತ್ತಮ ಕಾವ್ಯವನ್ನು ಕೈಯೆತ್ತಿ ಕೊಟ್ಟರು. ಅವರ ಜಗಳ ಉರ್ದು ಭಾಷೆಯ ಜೊತೆ ಆಗಿರಲಿಲ್ಲ, ಅದನ್ನು ಕೋಲಿನಂತೆ ಬಳಸುತ್ತಿದ್ದವರ ಜೊತೆ ಇತ್ತು. ಈ ವ್ಯತ್ಯಾಸ ನಮಗೂ ತಿಳಿದಿರಬೇಕು ಎಂದು ನನಗೆ ಅನ್ನಿಸುತ್ತದೆ.

ಯುದ್ಧದ ನಡುವೆ ಒಂದು ಹೆಸರು

1965ರಲ್ಲಿ ಭಾರತ, ಪಾಕಿಸ್ತಾನದ ನಡುವೆ ಯುದ್ಧ ಶುರುವಾಯಿತು. ಯುದ್ಧ ಬಂದಾಗ ಕವಿಗಳೂ ಸಮವಸ್ತ್ರ ತೊಟ್ಟವರಂತೆ ಬರೆಯುತ್ತಾರೆ. ಎರಡೂ ಕಡೆ ವೀರಗೀತೆಗಳ ಸುರಿಮಳೆ. ಅಂಥ ಹೊತ್ತಿನಲ್ಲಿ ಅಯಾಜ್ ಒಂದು ಸಣ್ಣ ಕವಿತೆ ಬರೆದರು. ಅದರಲ್ಲಿ ಸೈನ್ಯ, ಬಾವುಟ, ಗೆಲುವು ಯಾವುದೂ ಇಲ್ಲ. ಇರುವುದು ಒಬ್ಬ ಮನುಷ್ಯನ ಹೆಸರು. ನಾರಾಯಣ ಶ್ಯಾಮ್. ಎದುರು ಪಾಳೆಯದಲ್ಲಿ ನಿಂತಿರುವವನು ತನ್ನ ಗೆಳೆಯ, ಇಬ್ಬರ ನುಡಿಯೂ ಒಂದೇ, ಕಂಡ ಕನಸೂ ಒಂದೇ, ಅವನ ಮೇಲೆ ತಾನು ಹೇಗೆ ಬಂದೂಕು ಎತ್ತಲಿ ಎಂಬುದು ಆ ಕವಿತೆಯ ತಿರುಳು.

ಸ್ವಲ್ಪ ಯೋಚಿಸಿ. ಶ್ಯಾಮ್ ಸೈನಿಕ ಅಲ್ಲ. ದೆಹಲಿಯ ಅಂಚೆ ತಂತಿ ಇಲಾಖೆಯ ಒಬ್ಬ ನೌಕರ. ಹದಿನೇಳು ವರ್ಷಗಳ ಹಿಂದೆ ಊರು ಬಿಟ್ಟು ಹೋದವರು. ಆದರೆ ಶತ್ರು ಎಂಬ ಪದ ಕೇಳಿದಾಗ ಅಯಾಜ್‌ಗೆ ಕಂಡದ್ದು ಆ ಮುಖ. ಶತ್ರು ಎಂದರೆ ಮುಖವಿಲ್ಲದ ಗುಂಪು ಎಂದುಕೊಂಡರೆ ಗುಂಡು ಹಾರಿಸುವುದು ಸುಲಭ. ಹೆಸರು ಹಿಡಿದು ಕರೆದರೆ ಕಷ್ಟ. ಆ ಕವಿತೆಗಾಗಿ ಅವರ ಮೇಲೆ ಬೈಗುಳದ ಮಳೆಯೇ ಸುರಿಯಿತು. ದೇಶದ್ರೋಹಿ ಎಂಬ ಹಣೆಪಟ್ಟಿ ಇನ್ನಷ್ಟು ಗಟ್ಟಿಯಾಯಿತು.

ಬಟ್ಟೆ ಅಂಗಡಿಯ ಅಜ್ಜನ ಕಣ್ಣು ಒದ್ದೆಯಾದದ್ದು ಯಾಕೆ ಎಂದು ಇಲ್ಲಿಗೆ ಬಂದಾಗ ನನಗೆ ತಿಳಿಯಿತು. ಊರು ಬಿಟ್ಟು ಬಂದವರನ್ನು ಆ ಕಡೆಯಿಂದ ಯಾರೋ ಒಬ್ಬರು ಹೆಸರು ಹಿಡಿದು ಕರೆದಿದ್ದರು, ಅದೂ ಯುದ್ಧದ ನಡುವೆ.

ಇದೇ ಅಯಾಜ್ ಭಗತ್ ಸಿಂಗ್ ಗಲ್ಲಿನ ಬಗ್ಗೆ ಒಂದು ಪದ್ಯನಾಟಕ ಬರೆದರು. ಭಗತ್ ಸಿಂಗ್‌ರನ್ನು ಗಲ್ಲಿಗೇರಿಸಿದ್ದು ಲಾಹೋರ್‌ನಲ್ಲಿ. ಆದರೆ ಸ್ವಾತಂತ್ರ್ಯ ಬಂದ ಮೇಲೆ ಪಾಕಿಸ್ತಾನದ ಅಧಿಕೃತ ಇತಿಹಾಸದಲ್ಲಿ ಅವರಿಗೆ ಜಾಗ ಇರಲಿಲ್ಲ. ಅಯಾಜ್ ಜಾಗ ಕೊಟ್ಟರು. ದೆಹಲಿಯ ಸುಲ್ತಾನನ ಸೈನ್ಯದ ವಿರುದ್ಧ ಹೋರಾಡಿ ಮಡಿದ ಸಿಂಧ್‌ನ ದೋದೋ ಸೂಮ್ರೋನ ಬಗ್ಗೆಯೂ ಅಂಥದೇ ನಾಟಕ ಬರೆದರು. ನೆಲಕ್ಕಾಗಿ ಹೋರಾಡಿದವರು ಯಾವ ಧರ್ಮದವರಾದರೂ ಅವರಿಗೆ ತಮ್ಮವರೇ ಆಗಿದ್ದರು.

ವಿದ್ಯಾರ್ಥಿಗಳು, ಜೈಲು, ಗೆಲುವು

ಒನ್ ಯೂನಿಟ್ ವಿರುದ್ಧದ ಚಳವಳಿಯಲ್ಲಿ ವಿದ್ಯಾರ್ಥಿಗಳು ಮುಂದೆ ಇದ್ದರು. ಹೈದರಾಬಾದ್ ಬಳಿ, ಸಿಂಧೂ ನದಿಯ ದಂಡೆಯ ಮೇಲೆ ಜಾಮ್‌ಶೋರೋ ಎಂಬ ಊರಿದೆ. ಸಿಂಧ್ ವಿಶ್ವವಿದ್ಯಾಲಯ ಇರುವುದು ಅಲ್ಲಿ. 1967ರ ಮಾರ್ಚ್ 4ರಂದು ಅಲ್ಲಿಂದ ಹೊರಟ ವಿದ್ಯಾರ್ಥಿಗಳನ್ನು ತಡೆದು ಪೊಲೀಸರು ಬರ್ಬರವಾಗಿ ಥಳಿಸಿದರು, ಬಂಧಿಸಿದರು. ಸಿಂಧಿ ವಿದ್ಯಾರ್ಥಿಗಳು ಇಂದಿಗೂ ಆ ದಿನವನ್ನು ನೆನೆಯುತ್ತಾರೆ. ಅಯಾಜ್‌ರ ಪದ್ಯಗಳು ಆ ಹುಡುಗರ ಬಾಯಲ್ಲಿ ಇದ್ದವು. ನಿಷೇಧವಾದ ಪುಸ್ತಕಗಳನ್ನು ಕೈಬರಹದಲ್ಲಿ ನಕಲು ಮಾಡಿಕೊಳ್ಳುವುದು ಕಷ್ಟವೇನೂ ಅಲ್ಲ. ಹಾಡಿಗಂತೂ ಮುದ್ರಣಾಲಯವೇ ಬೇಡ.

ಸೇನಾ ಆಡಳಿತದ ಕಾಲದಲ್ಲಿ ಅಯಾಜ್ ಒಂದಕ್ಕಿಂತ ಹೆಚ್ಚು ಸಲ ಜೈಲಿಗೆ ಹೋದರು. ಪಂಜಾಬ್‌ನ ಸಾಹಿವಾಲ್ ಜೈಲಿನಲ್ಲಿ ಅವರು ಬರೆದ ದಿನಚರಿ ಸಿಂಧಿ ಗದ್ಯದ ಮುಖ್ಯ ಕೃತಿಗಳಲ್ಲಿ ಒಂದು. 1971ರಲ್ಲಿ ಪೂರ್ವ ಬಂಗಾಳದ ಜನರ ಮೇಲೆ ಪಾಕಿಸ್ತಾನದ ಸೇನೆ ಎರಗಿದಾಗ, ಪಶ್ಚಿಮದಲ್ಲಿ ಅದನ್ನು ವಿರೋಧಿಸಿದ ಕೆಲವೇ ಲೇಖಕರಲ್ಲಿ ಅವರೂ ಒಬ್ಬರು. ಕವಿತೆಗೆ ಜೈಲು ಎಂದರೆ ನಮಗೂ ಹೊಸದಲ್ಲ. ನಮ್ಮ ಧಾರವಾಡದ ಬೇಂದ್ರೆಯವರು ನರಬಲಿ ಎಂಬ ಕವಿತೆಗಾಗಿ ಹಿಂಡಲಗಾ ಜೈಲು ಕಂಡವರು. ಆದರೆ ಅವರನ್ನು ಜೈಲಿಗೆ ಕಳಿಸಿದ್ದು ಪರದೇಶದ ಸರ್ಕಾರ. ಅಯಾಜ್‌ರನ್ನು ಕಳಿಸಿದ್ದು ತಮ್ಮದೇ ದೇಶದ ಸರ್ಕಾರ. ಹೇಮು ಕಾಲಾಣಿಯನ್ನು ಕೊಂದವರು ಹೋಗಿದ್ದರು, ಜೈಲುಗಳು ಹಾಗೇ ಇದ್ದವು.

ಹೋರಾಟ ವ್ಯರ್ಥವಾಗಲಿಲ್ಲ. 1970ರ ಜುಲೈ 1ರಂದು ಒನ್ ಯೂನಿಟ್ ರದ್ದಾಯಿತು. ಸಿಂಧ್ ಮತ್ತೆ ನಕಾಶೆಗೆ ಬಂತು. 1972ರ ಜುಲೈನಲ್ಲಿ ಸಿಂಧ್ ವಿಧಾನಸಭೆ ಸಿಂಧಿ ಭಾಷೆಗೆ ಸ್ಥಾನ ಕೊಡುವ ಮಸೂದೆಯನ್ನು ಅಂಗೀಕರಿಸಿತು. ಆ ಸಂತೋಷದ ಬೆನ್ನಿಗೇ ಕರಾಚಿಯಲ್ಲಿ ಭಾಷಾ ಗಲಭೆ ಎದ್ದು ಜೀವಗಳು ಹೋದವು. ಭಾಷೆಯ ಪ್ರೀತಿ ಎಲ್ಲಿ ನಿಲ್ಲಬೇಕು, ಇನ್ನೊಬ್ಬರ ಭಾಷೆಯ ದ್ವೇಷ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಬಹಳ ತೆಳು. ಆ ಗೆರೆಯ ಎರಡೂ ಬದಿ ಅಯಾಜ್‌ರ ಕಾಲದಲ್ಲೇ ಸಿಂಧ್‌ಗೆ ಕಾಣಿಸಿತು.

ಪ್ರಶ್ನೆಗಳು ಅವರನ್ನೂ ಬಿಡಲಿಲ್ಲ

ಇಷ್ಟಕ್ಕೇ ನಿಲ್ಲಿಸಿದರೆ ಇದು ಹೊಗಳಿಕೆಯ ಲೇಖನ ಆಗುತ್ತದೆ. ಅಯಾಜ್‌ರ ಬದುಕು ಅಷ್ಟು ಸರಳ ಅಲ್ಲ. 1976ರಲ್ಲಿ ಪ್ರಧಾನಿ ಜುಲ್ಫಿಕರ್ ಅಲಿ ಭುಟ್ಟೋ ಸರ್ಕಾರ ಅವರನ್ನು ಸಿಂಧ್ ವಿಶ್ವವಿದ್ಯಾಲಯದ ಕುಲಪತಿಯಾಗಿ ನೇಮಿಸಿತು. ಜೈಲಿಗೆ ಹೋಗಿ ಬಂದ ಕವಿ ಕುಲಪತಿ ಆದದ್ದು ಕೆಲವರಿಗೆ ಹೆಮ್ಮೆ. ಸಿಂಧಿ ರಾಷ್ಟ್ರೀಯವಾದಿಗಳಲ್ಲಿ ಕೆಲವರಿಗೆ ಅದು ಸರ್ಕಾರದ ಜೊತೆ ಮಾಡಿಕೊಂಡ ರಾಜಿ. ಮರುವರ್ಷವೇ ಜನರಲ್ ಜಿಯಾ ಉಲ್ ಹಕ್ ಭುಟ್ಟೋರನ್ನು ಕೆಳಗಿಳಿಸಿದರು, 1979ರಲ್ಲಿ ಗಲ್ಲಿಗೇರಿಸಿದರು. ಆ ಕಾಲದಲ್ಲೂ ಅಯಾಜ್ ಸ್ವಲ್ಪ ಕಾಲ ಕುರ್ಚಿಯಲ್ಲಿ ಮುಂದುವರಿದದ್ದು ಟೀಕೆಗೆ ಗುರಿಯಾಯಿತು.

ಕೊನೆಯ ವರ್ಷಗಳಲ್ಲಿ ಅವರು ದೇವರನ್ನು ಕುರಿತು ಪ್ರಾರ್ಥನೆಯಂಥ ಗದ್ಯ ಬರೆದರು. ಹಳೆಯ ಎಡಪಂಥೀಯ ಗೆಳೆಯರಿಗೆ ಅದು ಸೋಲಿನಂತೆ ಕಂಡಿತು. ಇವರು ನಮ್ಮ ಅಯಾಜ್ ಅಲ್ಲ ಎಂದು ದೂರ ಸರಿದವರೂ ಇದ್ದರು. ಧರ್ಮದ್ರೋಹಿ ಎಂದವರು ಒಂದು ಕಡೆ, ಧರ್ಮಕ್ಕೆ ಶರಣಾದರು ಎಂದವರು ಇನ್ನೊಂದು ಕಡೆ. ನನಗೆ ಇದರಲ್ಲಿ ತೀರ್ಪು ಕೊಡುವ ವಯಸ್ಸೂ ಇಲ್ಲ, ಓದೂ ಇಲ್ಲ. ಆದರೆ ಒಂದು ಅನ್ನಿಸುತ್ತದೆ. ಹೃದಯದ ಕಾಯಿಲೆ, ಜೈಲು, ಅಗಲಿದ ಗೆಳೆಯರು, ಇಷ್ಟೆಲ್ಲ ಹೊತ್ತ ಮನುಷ್ಯ ಕೊನೆಗೆ ಯಾರ ಹತ್ತಿರ ಮಾತಾಡಬೇಕು ಎಂಬುದನ್ನು ನಾವು ಹೇಳಿಕೊಡಲಾಗದು. ಒಬ್ಬ ಮನುಷ್ಯ ಇಪ್ಪತ್ತರಲ್ಲಿ ಇದ್ದಂತೆಯೇ ಎಪ್ಪತ್ತರಲ್ಲೂ ಇರಬೇಕು ಎಂದು ಬಯಸುವುದು ಅವನನ್ನು ಪ್ರತಿಮೆ ಮಾಡಿದಂತೆ. ಆ ವರ್ಷಗಳಲ್ಲೂ ಅವರ ಲೇಖನಿ ನಿಲ್ಲಲಿಲ್ಲ. ಹಲವು ಸಂಪುಟಗಳ ಆತ್ಮಕಥೆ ಬರೆದರು, ಸಾಲುಸಾಲಾಗಿ ಕವನ ಸಂಕಲನಗಳು ಬಂದವು.

ಈ ಕಡೆ ಭಾರತದಲ್ಲಿ 1967ರಲ್ಲಿ ಸಿಂಧಿಯನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸಿದರು. ನಾರಾಯಣ ಶ್ಯಾಮ್‌ಗೆ 1970ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1989ರಲ್ಲಿ ಅವರು ತೀರಿಕೊಂಡರು. ಅಯಾಜ್ 1997ರ ಡಿಸೆಂಬರ್ 28ರಂದು ಕರಾಚಿಯಲ್ಲಿ ಕೊನೆಯುಸಿರೆಳೆದರು. ಅವರನ್ನು ಮಣ್ಣು ಮಾಡಿದ್ದು ಕರಾಚಿಯಲ್ಲೂ ಅಲ್ಲ, ಶಿಕಾರ್‌ಪುರದಲ್ಲೂ ಅಲ್ಲ. ಶಾಹ್ ಲತೀಫರ ಸಮಾಧಿ ಇರುವ ಭಿಟ್ ಶಾಹ್‌ನಲ್ಲಿ, ಕರಾರ್ ಕೆರೆಯ ದಂಡೆಯ ಮೇಲೆ. ಯಾವ ಕವಿಯ ಹಳೆಯ ಮಟ್ಟುಗಳನ್ನು ಎತ್ತಿಕೊಂಡು ಹೊಸ ಕವಿತೆ ಕಟ್ಟಿದರೋ ಅದೇ ಕವಿಯ ನೆರೆಯಲ್ಲಿ ಮಲಗಿದ್ದಾರೆ.

ಅಜ್ಜನ ಅಂಗಡಿಗೆ ಮತ್ತೆ

ಇಷ್ಟು ಓದಿದ ಮೇಲೆ ಮೊನ್ನೆ ಮತ್ತೆ ಆ ಬಟ್ಟೆ ಅಂಗಡಿಗೆ ಹೋಗಿದ್ದೆ. ಏನೂ ಕೊಳ್ಳುವುದಿರಲಿಲ್ಲ, ಮಾತಾಡಬೇಕಿತ್ತು. ಅಜ್ಜನಿಗೆ ಸಿಂಧಿ ಮಾತಾಡಲು ಬರುತ್ತದೆ, ಆದರೆ ಅಯಾಜ್‌ರ ಪುಸ್ತಕ ಇರುವ ಅರಬ್ಬಿ ಮಾದರಿಯ ಲಿಪಿ ಓದಲು ಬರುವುದಿಲ್ಲ. ಅವರು ಕಲಿತದ್ದು ದೇವನಾಗರಿ. ಅವರ ತಂದೆಗೆ ಎರಡೂ ಬರುತ್ತಿತ್ತಂತೆ. ಮಗ ಸಿಂಧಿ ಮಾತಾಡುತ್ತಾನೆ, ಓದುವುದಿಲ್ಲ. ಕಾನ್ವೆಂಟಿಗೆ ಹೋಗುವ ಮೊಮ್ಮಗಳಿಗೆ ಅರ್ಥವಾಗುತ್ತದೆ, ಮಾತಾಡುವುದಿಲ್ಲ. ಸಿಂಧಿಯಲ್ಲಿ ಉಸಿರನ್ನು ಒಳಗೆಳೆದುಕೊಂಡು ಹೇಳುವ ನಾಲ್ಕು ವಿಶೇಷ ವ್ಯಂಜನಗಳಿವೆ. ಅಜ್ಜ ನನಗೆ ಅವನ್ನು ಹೇಳಿ ತೋರಿಸಿದರು. ಮೊಮ್ಮಗಳ ಬಾಯಲ್ಲಿ ಅವು ಹೊರಳುವುದಿಲ್ಲವಂತೆ. ನನ್ನ ಬಾಯಲ್ಲೂ ಹೊರಳಲಿಲ್ಲ. ಇಬ್ಬರೂ ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ನಾಲ್ಕು ತಲೆಮಾರಿನಲ್ಲಿ ಒಂದು ಭಾಷೆ ಮನೆಯಿಂದ ಹೊರಗೆ ಹೋಗುವುದು ಹೇಗೆ ಎಂದು ನಾನು ಅಲ್ಲಿ ಕಣ್ಣಾರೆ ನೋಡಿದೆ. ಅದಕ್ಕೆ ಯಾರೂ ನಿಷೇಧ ಹೇರಿರಲಿಲ್ಲ, ಯಾರೂ ಜೈಲಿಗೆ ಹಾಕಿರಲಿಲ್ಲ.

ಗೆಳೆಯರೇ, ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಎಂಜಿನಿಯರಿಂಗ್ ಸೇರಿದ ಮೊದಲ ವರ್ಷ ಅದನ್ನು ಹೇಳಿಕೊಳ್ಳಲು ನಾಚುತ್ತಿದ್ದೆ. ಪ್ಲೇಸ್‌ಮೆಂಟಿಗೆ ಇಂಗ್ಲಿಷ್ ಬೇಕು, ಕಲಿಯುತ್ತಿದ್ದೇನೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಎರಡು ವರ್ಷದಿಂದ ಒಂದು ಕನ್ನಡ ಪುಸ್ತಕವನ್ನೂ ಪೂರ್ತಿ ಓದಿರಲಿಲ್ಲ. ಅಮ್ಮನಿಗೆ ಮೆಸೇಜ್ ಕಳಿಸುವುದೂ ಇಂಗ್ಲಿಷ್ ಅಕ್ಷರದಲ್ಲಿ. ಅಯಾಜ್ ತಮ್ಮ ಭಾಷೆಯಲ್ಲಿ ಬರೆಯಲು ಪುಸ್ತಕ, ನೆಮ್ಮದಿ, ಸ್ವಾತಂತ್ರ್ಯ ಎಲ್ಲ ಕಳೆದುಕೊಂಡರು. ನನಗೆ ಕನ್ನಡದಲ್ಲಿ ಬರೆಯಲು ಬೇಕಾಗಿರುವುದು ಮೊಬೈಲ್‌ನಲ್ಲಿ ಕೀಬೋರ್ಡ್ ಬದಲಿಸುವ ಒಂದು ಬೆರಳಿನ ಕೆಲಸ. ಅದನ್ನೂ ಮಾಡದೆ ನವೆಂಬರ್ ಒಂದಕ್ಕೆ ಬಾವುಟ ಹಿಡಿದು ಫೋಟೊ ಹಾಕಿದರೆ ಏನು ಪ್ರಯೋಜನ?

ಇನ್ನೊಂದು ಪಾಠ ನನ್ನ ಓದಿಗೇ ಸಂಬಂಧಿಸಿದ್ದು. ನಾಳೆ ನಾನೂ ಎಂಜಿನಿಯರ್ ಆಗುತ್ತೇನೆ. ಎಲ್ಲೋ ಒಂದು ಕಾಲುವೆ, ಒಂದು ಬ್ಯಾರೇಜಿನ ಡ್ರಾಯಿಂಗ್ ನನ್ನ ಮೇಜಿಗೂ ಬರಬಹುದು. ಆಗ ಗೇಟಿನ ಲೆಕ್ಕ ಮಾಡುವ ಮುಂಚೆ ಆ ನೀರು ಯಾರ ಹೊಲಕ್ಕೆ ಹೋಗುತ್ತದೆ ಎಂದು ಒಮ್ಮೆ ಕೇಳಿಕೊಳ್ಳಬೇಕು. ಈ ಪ್ರಶ್ನೆ ಯಾವ ಸಿಲಬಸ್‌ನಲ್ಲೂ ಇಲ್ಲ. ನನಗದು ಸಿಕ್ಕಿದ್ದು ನಾನು ಹುಟ್ಟುವ ಮೊದಲೇ ತೀರಿಕೊಂಡ, ನಾನು ಓದಲಾರದ ಲಿಪಿಯಲ್ಲಿ ಬರೆದ ಒಬ್ಬ ಕವಿಯ ಬದುಕಿನಿಂದ.

ಈ ಲೇಖನವನ್ನು ಮೊದಲು ಕಾಗದದ ಮೇಲೆ ಕನ್ನಡದಲ್ಲಿ ಬರೆದೆ. ಎರಡು ವರ್ಷ ಬರೆಯದ ಕೈ, ಒತ್ತಕ್ಷರಗಳಲ್ಲಿ ತಪ್ಪಿತು. ತಿದ್ದಿಕೊಂಡೆ. ಅಮ್ಮನಿಗೆ ಇವತ್ತು ಕನ್ನಡ ಅಕ್ಷರದಲ್ಲೇ ಮೆಸೇಜ್ ಕಳಿಸಿದ್ದೇನೆ.